ಅತ್ತೆಯ ಯುಕುಲೆಲೆಯೂ ನನ್ನ ಹೆಬ್ಬೆರಳೂ

ಬೆಳಿಗ್ಗೆ ಎದ್ದು ಮುಖ ತೊಳೆದು, ದೇವರ ಮುಂದೆ ದೀಪ ಹಚ್ಚಿ, ಒಂದು ಸುತ್ತು ಜಪಮಾಲೆ ತಿರುಗಿಸದೆ ನಾನು ಒಲೆ ಹಚ್ಚಿದವಳಲ್ಲ. ಜ್ವರ ಬಂದರೂ ಅಷ್ಟೆ, ನೆಂಟರು ಬಂದರೂ ಅಷ್ಟೆ. ಆ ಜಪ ನನ್ನ ಬಾಯಿಗೆ ಎಷ್ಟು ಒಗ್ಗಿಹೋಗಿದೆಯೆಂದರೆ ನಮ್ಮ ಮನೆಗೆ ಬೇರೆ ಗಡಿಯಾರವೇ ಬೇಡ. ಹಾಲು ಕಾಯಲು ಅರ್ಧ ಸುತ್ತು. ಇಸ್ತ್ರಿಪೆಟ್ಟಿಗೆ ಬಿಸಿಯಾಗಲು ಕಾಲು ಸುತ್ತು. ನಮ್ಮ ಯಜಮಾನರು ಸ್ನಾನದ ಮನೆಯಿಂದ ಹೊರಬರಲು ಮೂರು ಸುತ್ತು, ಜೊತೆಗೊಂದು ಕೂಗು.

"ನಿನ್ನ ಗಡಿಯಾರಕ್ಕೆ ಒಂದೇ ದೋಷ ಕಣೇ," ಎನ್ನುತ್ತಾರೆ ಅವರು. "ಭಕ್ತಿ ಜಾಸ್ತಿಯಾದ ದಿನ ನಿಂತುಬಿಡುತ್ತೆ. ಅವತ್ತು ಅನ್ನ ತಳ ಹಿಡಿಯುತ್ತೆ!"

ಹೊಟ್ಟೆಕಿಚ್ಚಿನ ಮಾತು ಎಂದು ತಳ್ಳಿಹಾಕುತ್ತೇನೆ. ಆದರೆ ನಿಮ್ಮೆದುರು ಸುಳ್ಳೇಕೆ? ಜಪದ ನಡುವೆ ನಲ್ಲಿ ತೊಟ್ಟಿಕ್ಕುವುದು ಕೇಳಿಸಿದರೆ ಕಿವಿ ಅತ್ತ ಹೋಗುತ್ತದೆ. ಪಕ್ಕದ ಮನೆಯ ಬಾಗಿಲು ಕಿರ್ ಎಂದರೆ ಅದರ ಹಿಂದೆ ಹೋಗುತ್ತದೆ. ಕಿವಿಯ ಹಿಂದೆ ಮನಸ್ಸು. ಅದು ಮರಳುವ ಹೊತ್ತಿಗೆ ಮಣಿ ಎಲ್ಲಿತ್ತೋ ಅಲ್ಲೇ ಇರುತ್ತದೆ, ಹಾಲು ಮಾತ್ರ ಒಲೆಯ ಕೆಳಗಿರುತ್ತದೆ.

ನಾನು ಹೊಲಿಗೆಯವಳು. ಕಿಟಕಿಯ ಪಕ್ಕದ ಮಿಷನ್ನೇ ನನ್ನ ಅಂಗಡಿ. ಯಾರೂ ಕಲಿಸಿದ್ದಲ್ಲ. ಹಳೆಯ ಬಟ್ಟೆ ಬಿಚ್ಚಿ ನೋಡಿ, ಮತ್ತೆ ಹೊಲಿದು ಕಲಿತದ್ದು. ಹೀಗಾಗಿ ಬಿಚ್ಚಿ ನೋಡಿದರೆ ಅರ್ಥವಾಗದ ವಸ್ತು ಈ ಭೂಮಂಡಲದಲ್ಲೇ ಇಲ್ಲ ಎಂಬ ಒಂದು ಅಹಂಕಾರ ನನ್ನೊಳಗೆ ಕಾಲು ಚಾಚಿ ಮಲಗಿತ್ತು. ಅತ್ತೆಯ ಯುಕುಲೆಲೆ ಅದನ್ನು ತಟ್ಟಿ ಎಬ್ಬಿಸಿತು.

ಯುಕುಲೆಲೆ ಗೊತ್ತಲ್ಲ? ಗಿಟಾರಿನ ಹಾಗೇ ಇರುತ್ತದೆ, ಎತ್ತಿಕೊಂಡರೆ ಹಸುಗೂಸಿನಷ್ಟೇ. ನಾಲ್ಕು ತಂತಿ, ಹೊಟ್ಟೆಯ ಮೇಲೊಂದು ದುಂಡು ಬಾಯಿ. ಇದು ನಮ್ಮ ಮಾವನವರದು. ಮಾವ ಆಸ್ಪತ್ರೆಯ ಆಂಬುಲೆನ್ಸ್ ಓಡಿಸುತ್ತಿದ್ದರು. ಕರೆ ಬರುವವರೆಗೆ ಗಾಡಿಯೊಳಗೆ ಕೂತು ನುಡಿಸುವುದು, ಕರೆ ಬಂದರೆ ಸೀಟಿನ ಕೆಳಗೆ ತೂರಿಸಿ ಹೊರಡುವುದು. ಗಿಟಾರು ಅಲ್ಲಿ ಹಿಡಿಸುತ್ತಿರಲಿಲ್ಲವಂತೆ, ಅದಕ್ಕೇ ಯುಕುಲೆಲೆ. ಅತ್ತೆ ಅದೇ ಆಸ್ಪತ್ರೆಯಲ್ಲಿ ನರ್ಸು. "ಒಳಗೆ ರೋಗಿಗಳು ಮಲಗಿದ್ದಾರೆ, ನಿಲ್ಲಿಸ್ರೀ ಅದನ್ನ!" ಎಂದು ಅವರು ಕಿಟಕಿಯಿಂದ ಗದರಿದ್ದೇ ಇಬ್ಬರ ಮೊದಲ ಪ್ರೇಮಸಲ್ಲಾಪ.

ಮಾವ ಹೋದ ಮೇಲೆ ವಾದ್ಯ ಗೋಡೆ ಸೇರಿತು. ಹೋದ ವರ್ಷ ಅತ್ತೆ ಮೆಟ್ಟಿಲ ಮೇಲೆ ಜಾರಿ ಎಡಭುಜ ಮುರಿದುಕೊಂಡರು. ಮೂಳೆ ಕೂಡಿತು, ಬಲ ಕೂಡಲಿಲ್ಲ. ಬೆರಳುಗಳಿಗೆ ಕಸುವು ಬರಲಿ ಎಂದು ಡಾಕ್ಟರು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಅತ್ತೆ ಆ ಚೆಂಡನ್ನು ಬೀದಿ ನಾಯಿಗೆ ದಾನ ಮಾಡಿ ಯುಕುಲೆಲೆಯನ್ನು ಗೋಡೆಯಿಂದ ಇಳಿಸಿದರು. ವರ್ಷವಿಡೀ ಒಂದೇ ಒಂದು ಹಾಡು ಕಲಿತರು, ಮಾವ ಗಾಡಿಯೊಳಗೆ ನುಡಿಸುತ್ತಿದ್ದದ್ದು. ಅವರ ಎಡಗೈ ತಂತಿ ಒತ್ತಬಲ್ಲದು, ಭಾರ ಹೊರಲಾರದು. ಭಾರ ಹೊರುವುದು ಕೊರಳಿಗೆ ಹಾಕುವ ಪಟ್ಟಿ. ಆ ಪಟ್ಟಿಯನ್ನು ಹಿಡಿದಿಟ್ಟುಕೊಂಡಿರುವುದು ವಾದ್ಯದ ತಳದಲ್ಲಿರುವ ಕಡಲೆಗಾತ್ರದ ಒಂದು ಗುಂಡಿ.

ಸಂಜೆ ಆಸ್ಪತ್ರೆಯ ಹಜಾರದಲ್ಲಿ ಹಳೆಯ ಸಿಬ್ಬಂದಿಯೆಲ್ಲ ಸೇರುವವರಿದ್ದರು. ಅತ್ತೆ ಅಲ್ಲಿ ನುಡಿಸಬೇಕು, ಜೀವನದಲ್ಲಿ ಮೊದಲ ಸಲ ಜನರ ಮುಂದೆ. ಆ ದಿನವೇ ಬೆಳಿಗ್ಗೆ ಗುಂಡಿ ಟಣ್ ಎಂದು ನೆಲಕ್ಕೆ ಬಿತ್ತು!

ಅತ್ತೆ ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನಮ್ಮ ಅತ್ತೆ ಬೈದರೆ ಭಯವಿಲ್ಲ, ಸುಮ್ಮನಾದರೆ ಭಯ.

"ಕೊಡಮ್ಮ, ವಾದ್ಯದ ಅಂಗಡಿಗೆ ಕೊಟ್ಟು ಬರ್ತೀನಿ," ಎಂದರು ಯಜಮಾನರು. ಅವರದು ಕನ್ನಡಕದ ಅಂಗಡಿ. ವಾದ್ಯದ ಅಂಗಡಿ ಅದರ ಎದುರಿಗೇ ಇದೆ.

"ಒಂದು ಗುಂಡಿ ಹಾಕೋದಕ್ಕೆ ಅಂಗಡಿಗಾ?" ನಾನು ಸೊಂಟಕ್ಕೆ ಕೈಯಿಟ್ಟೆ. "ಈ ಬೀದೀಲಿ ಎಷ್ಟು ಜನರ ಮಾನ ನಾನು ಹಾಕಿದ ಗುಂಡಿ ಮೇಲೆ ನಿಂತಿದೆ ಗೊತ್ತೇನ್ರೀ?"

"ಅದು ಬಟ್ಟೆ ಕಣೇ, ಇದು ಮರ."

"ಬಟ್ಟೆಯಾದ್ರೇನು, ಮರವಾದ್ರೇನು? ತೂತು ತೂತೇ!"

ಅತ್ತೆ ವಾದ್ಯದ ಮೇಲಂಚನ್ನು ನನಗೆ ತೋರಿಸಿದರು. ಅಲ್ಲಿ ವಾರ್ನಿಷ್ ಸವೆದು ಮರ ಮಂಕಾಗಿತ್ತು. "ಅವರ ಮೊಳಕೈ ತಿಕ್ಕಿ ತಿಕ್ಕಿ ಆದ ಗುರುತು ಇದು. ಇದೊಂದು ಬಿಟ್ಟು ಬೇರೆ ಗುರುತು ಇದರ ಮೇಲೆ ಬೀಳಬಾರದು, ನೋಡು."

"ಒಂದು ಗೀರೂ ಬೀಳಲ್ಲ ಅತ್ತೆ. ದೇವರಾಣೆ!"

ದೇವರನ್ನು ಇಂಥ ಸಣ್ಣ ವಿಷಯಕ್ಕೆಲ್ಲ ಎಳೆಯಬಾರದು. ಅವನಿಗೂ ಹಾಸ್ಯಪ್ರಜ್ಞೆ ಇದೆ.

ಅತ್ತೆ ಕೂದಲು ಒಪ್ಪ ಮಾಡಿಸಿಕೊಳ್ಳಲು ಗೆಳತಿಯ ಮನೆಗೆ ಹೋದರು. ಹಳೆಯ ಗುಂಡಿಯ ಸ್ಕ್ರೂ ತುಕ್ಕು ಹಿಡಿದಿದ್ದರಿಂದ ಯಜಮಾನರು ಹೊಸದೊಂದನ್ನು ತಂದುಕೊಟ್ಟರು, ಜೊತೆಗೆ ತಮ್ಮ ಅತಿ ಸಣ್ಣ ಸ್ಕ್ರೂಡ್ರೈವರನ್ನೂ.

"ವಾದ್ಯಾನೇ ತನ್ನಿ, ನಿಂತಲ್ಲೇ ಹಾಕಿಕೊಡ್ತೀನಿ ಅಂದ ಅವನು."

"ಬೇಡ ಅಂದ್ರಿ ತಾನೆ?"

"ಅಂದೆ. ನನಗೂ ಮಧ್ಯಾಹ್ನ ಊಟ ಬೇಕಲ್ಲ."

ಅವರು ಅಂಗಡಿಗೆ ಹೊರಟ ಮೇಲೆ ಶಸ್ತ್ರಚಿಕಿತ್ಸೆ ಶುರುವಾಯಿತು. ಮೇಜಿನ ಮೇಲೆ ಮೆತ್ತನೆಯ ಫ್ಲಾನೆಲ್ ಹಾಸಿದೆ. ಸ್ಕ್ರೂಡ್ರೈವರ್ ಜಾರಿದರೂ ಗೀರು ಬೀಳದ ಹಾಗೆ ತೂತಿನ ಸುತ್ತ ಕಾಗದದ ಟೇಪು ಅಂಟಿಸಿದೆ. ಹೊಸ ಗುಂಡಿಯನ್ನು ಇಟ್ಟು ತಿರುಗಿಸಿದೆ. ತಿರುಗಿತು. ಇನ್ನೂ ತಿರುಗಿತು. ತಿರುಗುತ್ತಲೇ ಇತ್ತು! ತೂತು ಸವೆದು ಅಗಲವಾಗಿತ್ತು, ಸ್ಕ್ರೂ ಕಚ್ಚಲು ಒಳಗೆ ಮರವೇ ಇರಲಿಲ್ಲ.

ಹೆದರಿದೆನೇ? ಇಲ್ಲ! ಬಾಗಿಲ ಚಿಲಕ ಸಡಿಲವಾದಾಗ ಮಾಡಿದ ಉಪಾಯ ನೆನಪಿತ್ತು. ಬೆಂಕಿಕಡ್ಡಿಗಳ ತಲೆ ಮುರಿದು, ಸಣ್ಣಗೆ ಸೀಳಿ, ಅಂಟು ಸವರಿ ತೂತಿಗೆ ತುಂಬುವುದು. ಒಣಗಿದ ಮೇಲೆ ಅದರಲ್ಲಿ ಸ್ಕ್ರೂ ತಿರುಗಿಸಿದರೆ ಹಲ್ಲಿಯ ಹಾಗೆ ಕಚ್ಚಿಕೊಳ್ಳುತ್ತದೆ. ಉಪಾಯದಲ್ಲಿ ತಪ್ಪೇನಿರಲಿಲ್ಲ. ಆದರೆ ಮರದ ಅಂಟು ಒಣಗಲು ಒಂದು ದಿನ ಬೇಕು, ಅತ್ತೆಗೆ ಸಂಜೆಗೇ ವಾದ್ಯ ಬೇಕು. ಆಗ ಯಜಮಾನರ ಮೇಜಿನ ಖಾನೆಯಲ್ಲಿ ನನ್ನ ಪಾಲಿನ ವಿಧಿ ಒಂದು ಪುಟ್ಟ ಟ್ಯೂಬಿನ ರೂಪದಲ್ಲಿ ಮಲಗಿತ್ತು. ಮುರಿದ ಕನ್ನಡಕಕ್ಕೆ ಹಾಕುವ, ಗಕ್ಕನೆ ಹಿಡಿಯುವ ಅಂಟು! ಅದರ ಮೇಲೆ ಇರುವೆ ಸಾಲಿನ ಹಾಗೆ ಏನೋ ಬರೆದಿತ್ತು. "ಸ್ವಲ್ಪ ಹೊತ್ತು ಒತ್ತಿಹಿಡಿಯಿರಿ" ಎಂಬಷ್ಟನ್ನು ಓದಿದೆ. ಉಳಿದದ್ದು ಮಸುಕು. ಕನ್ನಡಕದಂಗಡಿಯವರ ಹೆಂಡತಿ, ಕನ್ನಡಕ ಹಾಕಿಕೊಂಡಿರಲಿಲ್ಲ.

ಟೇಪು ಕಿತ್ತೆ, ಕಡ್ಡಿ ತುಂಬಿದೆ, ಅಂಟು ಬಿಟ್ಟೆ. ಕಡ್ಡಿಗಳು ಮೇಲೆದ್ದು ಬರತೊಡಗಿದವು. ಎಡಗೈ ಹೆಬ್ಬೆರಳನ್ನು ಅವುಗಳ ಮೇಲೆ ಅದುಮಿ ಹಿಡಿದೆ. ಸ್ವಲ್ಪ ಹೊತ್ತು ಎಂದರೆ ಎಷ್ಟು? ನನ್ನ ಲೆಕ್ಕದಲ್ಲಿ ಹತ್ತು ಮಣಿ. ಕಣ್ಣು ಮುಚ್ಚಿ ಜಪ ಶುರುಮಾಡಿದೆ.

ಮೂರನೆಯ ಮಣಿಗೋ ನಾಲ್ಕನೆಯದಕ್ಕೋ ಏನೋ ಕೇಳಿಸಿತು. ನನ್ನ ಉಸಿರು ವಾದ್ಯದ ಬಾಯಿಗೆ ತಾಗಿ, ಒಳಗೆ ಹೋಗಿ, ಹೂಂ ಎಂದು ಮರಳುತ್ತಿತ್ತು. ನಾನು ಹೆಸರು ಹೇಳಿದರೆ ಅದು ಹೂಂಗುಟ್ಟುತ್ತಿತ್ತು, ಕಥೆ ಕೇಳುವ ಮಗುವಿನ ಹಾಗೆ. ಕಣ್ಣು ತೆರೆದು ಬಗ್ಗಿ ನೋಡಿದೆ. ಒಳಗೊಂದು ಕೋಣೆ! ಮರದ ನೆಲ, ಮರದ ಗೋಡೆ, ತೆಳ್ಳನೆಯ ಅಡ್ಡಪಟ್ಟಿಗಳ ಮಾಡು. ದುಂಡು ಕಿಟಕಿಯಿಂದ ಬಿಸಿಲು ಬಿದ್ದು, ಅದರಲ್ಲಿ ಧೂಳಿನ ಕಣಗಳು ಅವಸರವಿಲ್ಲದೆ ಏರಿಳಿಯುತ್ತಿದ್ದವು. ಒಂದು ಮೂಲೆಯಲ್ಲಿ ಮಾವನ ಕಾಲದ್ದೇ ಇರಬೇಕು, ಒಂದು ಒಣ ಎಲೆ. ಅಲ್ಲೊಂದು ಚಾಪೆ ಹಾಸಿ ಕೂತರೆ ಹೇಗಿರುತ್ತದೆ? ಮೇಲೆ ಯಾರೋ ತಂತಿ ಮೀಟಿದರೆ ಮಳೆ ಬಂದ ಹಾಗೆ ಕೇಳಿಸಬಹುದೇ? ದೇವರು ನಮ್ಮನ್ನು ಹೀಗೇ ಒಂದು ದುಂಡು ಕಿಟಕಿಯಿಂದ ಬಗ್ಗಿ ನೋಡುತ್ತಾನೋ ಏನೋ. ಅಲ್ಲಿಗೆ ನನ್ನ ಮಣಿಗಳು ನಿಂತವು. ಗಡಿಯಾರವೂ.

"ಏನೇ, ಸಂಗೀತಾಭ್ಯಾಸ ನಡೀತಿದೆ?"

ಊಟಕ್ಕೆ ಬಂದ ಯಜಮಾನರು ಬಾಗಿಲಲ್ಲಿದ್ದರು. ಏಳಲು ನೋಡಿದೆ. ನಾನೂ ಎದ್ದೆ, ಯುಕುಲೆಲೆಯೂ ಎದ್ದಿತು.

"ರೀ... ಅಂಟ್ಕೊಂಡಿದೆ."

"ಗುಂಡಿ ತಾನೆ? ಭೇಷ್!"

"ಗುಂಡಿ ಮೇಜಿನ ಮೇಲಿದೆ."

ಅವರು ಮೇಜು ನೋಡಿದರು. ಯುಕುಲೆಲೆ ನೋಡಿದರು. ನನ್ನ ಕೈ ನೋಡಿದರು.

"ಹಾಗಾದ್ರೆ ಅಂಟ್ಕೊಂಡಿರೋದು?"

"ನಾನು."

ಗಂಡನಾದವನು ಇಂಥ ಹೊತ್ತಿನಲ್ಲಿ ಧೈರ್ಯ ಹೇಳಬೇಕು. ಇವರು ಗೋಡೆ ಹಿಡಿದುಕೊಂಡು ನಕ್ಕರು. ಆಮೇಲೆ ಭೂತಗನ್ನಡಿ ತಂದು ಟ್ಯೂಬಿನ ಮೇಲಿನ ಇರುವೆ ಸಾಲನ್ನು ರಾಗವಾಗಿ ಓದಿದರು: "ಬೆರಳಿಗೆ ಸೋಕದಂತೆ ಎಚ್ಚರ ವಹಿಸಿ!"

"ಬಿಡಿಸೋದು ಹೇಗೆ ಅಂತ ಬರೆದಿದ್ಯಾ?"

"ಬಿಸಿನೀರಲ್ಲಿ ಮುಳುಗಿಸಿ."

"ಮರ ಉಬ್ಬುತ್ತೆ!"

"ಉಗುರು ಬಣ್ಣ ಅಳಿಸೋ ದ್ರಾವಣ?"

"ವಾರ್ನಿಷ್ ಅಳಿಸಿಹೋಗುತ್ತೆ!"

"ಬ್ಲೇಡು?"

"ರೀ!"

"ವಾದ್ಯಕ್ಕಲ್ಲ ಕಣೇ, ಬೆರಳಿಗೆ."

ಅತ್ತ ದರಿ, ಇತ್ತ ಪುಲಿ, ನಡುವೆ ಹೆಬ್ಬೆರಳು! ಬೆರಳಿಗೆ ಒಳ್ಳೆಯದೆಲ್ಲ ವಾದ್ಯಕ್ಕೆ ಕೆಟ್ಟದ್ದು. ಯಜಮಾನರು ವಾದ್ಯದ ಅಂಗಡಿಗೆ ಫೋನು ಮಾಡಿದರು. ಆತ ಎಲ್ಲವನ್ನೂ ಕೇಳಿ, "ಬಿಟ್ಟುಹೋಗಿ ಸಾರ್, ನಾಳೆ ಬಿಡಿಸಿಕೊಡ್ತೀನಿ," ಎಂದನಂತೆ. "ವಾದ್ಯದ ಜೊತೆ ಹೆಂಡತೀನೂ ಬಿಟ್ಟುಬರಬೇಕಾಗುತ್ತಲ್ಲಪ್ಪ," ಎಂದರು ಇವರು. ಆ ದನಿಯಲ್ಲಿ ದುಃಖ ಎಷ್ಟಿತ್ತೆಂದು ನಾನು ಈಗಲೂ ಯೋಚಿಸುತ್ತೇನೆ.

ಔಷಧಿ ಅಂಗಡಿಯಾಕೆ ಮಾತ್ರ ಫೋನಿನಲ್ಲಿ ಸಮಾಧಾನದ ಮಾತು ಹೇಳಿದಳು. "ಎಳೀಬೇಡಿ ಅಕ್ಕ. ಚರ್ಮದಂಚಿಗೆ ಒಂದೊಂದೇ ತೊಟ್ಟು ಎಣ್ಣೆ ತಾಗಿಸ್ತಾ ಇರಿ. ಬೆವರೂ ಸೇರಿದರೆ ತಾನಾಗೇ ಬಿಡುತ್ತೆ."

"ಎಷ್ಟು ಹೊತ್ತಾಗುತ್ತಮ್ಮ?"

"ಅದು ನಿಮ್ಮ ಬೆವರಿಗೆ ಬಿಟ್ಟದ್ದು."

ಬೆವರಿಗೇನು ಬರ? ಹೊರಗೆ ಅತ್ತೆಯ ಚಪ್ಪಲಿಯ ಸದ್ದಾಯಿತು!

ಅತ್ತೆ ಒಳಗೆ ಬಂದರು. ಒಪ್ಪವಾದ ಕೂದಲು, ಕೈಯಲ್ಲಿ ಇಸ್ತ್ರಿ ಮಾಡಿದ ಹಳೆಯ ಬಿಳಿ ಸಮವಸ್ತ್ರ. ಅದನ್ನೇ ಉಟ್ಟು ನುಡಿಸುವ ಆಸೆಯಂತೆ. ನಾನು ಒಂದೇ ಉಸಿರಿಗೆ ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವರು ನನ್ನ ಮುಖ ನೋಡಲಿಲ್ಲ. ಮೊದಲು ವಾದ್ಯವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದು ತಿರುಗಿದತ್ತ ನಾನೂ ತಿರುಗಿದೆ.

"ಗೀರು ಬಿದ್ದಿಲ್ಲ," ಎಂದರು. ಆಮೇಲೆ ನನ್ನ ಉಗುರು ಒತ್ತಿ ನೋಡಿದರು. "ರಕ್ತ ಓಡ್ತಿದೆ. ನೀನೂ ಬದುಕ್ತೀಯ."

"ಕ್ಷಮಿಸಿ ಅತ್ತೆ. ನಿಮ್ಮ ಸಂಜೆ ಹಾಳು ಮಾಡಿಬಿಟ್ಟೆ." ವರ್ಷವಿಡೀ ಮುಚ್ಚಿದ ಬಾಗಿಲ ಹಿಂದೆ ಆ ಒಂದು ಹಾಡು ಎಡವುತ್ತ, ಏಳುತ್ತ, ಮತ್ತೆ ಎಡವುತ್ತ ನಡೆಯಲು ಕಲಿತದ್ದನ್ನು ಬಾಗಿಲ ಈಚೆಯಿಂದ ಕೇಳಿದವಳು ನಾನೊಬ್ಬಳೇ.

ಅತ್ತೆ ಸಮವಸ್ತ್ರದ ಮಡಿಕೆ ಬಿಚ್ಚಿ ಕೊಡವಿದರು.

"ಹಾಳಾಗಿದ್ದೆಲ್ಲಿ? ಪಟ್ಟಿ ಮಾಡೋ ಕೆಲಸ ಏನು? ವಾದ್ಯ ಎತ್ತಿ ಹಿಡಿಯೋದು. ನಿನ್ನ ಕೈ ಅದರ ತಳದಲ್ಲೇ ಇದೆಯಲ್ಲ. ಹೊರಡು, ಬಟ್ಟೆ ಬದಲಾಯಿಸು."

ಹೇಳುವುದು ಸುಲಭ! ಕೈಯ ತುದಿಯಲ್ಲಿ ಯುಕುಲೆಲೆ ಇದ್ದರೆ ಯಾವ ತೋಳು ಒಳಗೆ ಬಿಡುತ್ತದೆ? ಬೀದಿಗೆಲ್ಲ ಬಟ್ಟೆ ಹೊಲಿಯುವವಳು ನನ್ನ ಒಳ್ಳೆಯ ರವಿಕೆಯ ಎಡತೋಳನ್ನು ಕಂಕುಳಿನಿಂದ ತುದಿಯವರೆಗೆ ಬಿಚ್ಚಬೇಕಾಯಿತು. ನನ್ನ ಮೇಲೇ ಇಟ್ಟು ಅದನ್ನು ಮತ್ತೆ ಹೊಲಿದವರು ಯಜಮಾನರು. ಕನ್ನಡಕದ ಕಾಲಿಗೆ ಸ್ಕ್ರೂ ಹಾಕುವ ಕೈ, ಒಂದೊಂದು ಹೊಲಿಗೆಯೂ ಒಂದೊಂದು ಗೇಣು!

"ಬಿಗಿಯಾಯ್ತಾ?"

"ಚುಚ್ತು!"

"ತೂತು ತೂತೇ ಅಂದಿದ್ದೆಯಲ್ಲ?"

ಬೀದಿಯಲ್ಲಿ ಮೆರವಣಿಗೆ ಹೊರಟಿತು. ಮುಂದೆ ಬಿಳಿ ಸಮವಸ್ತ್ರದ ಅತ್ತೆ, ಹಿಂದೆ ಯುಕುಲೆಲೆಯನ್ನು ಎದೆಗವಚಿಕೊಂಡ ನಾನು, ಅದರ ಹಿಂದೆ ಎಣ್ಣೆ ಬಟ್ಟಲು ಹಿಡಿದ ಯಜಮಾನರು. ಎದುರಾದ ಹಾಲಿನವಳು, "ನೀವೂ ನುಡಿಸ್ತೀರಾ ಅಕ್ಕ?" ಎಂದಳು. "ಬಿಟ್ಟಿರೋಕೇ ಆಗಲ್ಲ," ಎಂದರು ಹಿಂದಿನಿಂದ ಯಜಮಾನರು.

ಆಸ್ಪತ್ರೆಯ ಹಜಾರದಲ್ಲಿ ಸಾಲು ಕುರ್ಚಿಗಳು ತುಂಬಿದ್ದವು. ಮುದುಕಿಯರಾದ ನರ್ಸುಗಳು, ಕಂಪೌಂಡರು, ಕೈಗೆ ಬಟ್ಟೆ ಸುತ್ತಿಕೊಂಡೇ ವಾರ್ಡಿನಿಂದ ಇಳಿದು ಬಂದ ರೋಗಿಗಳು. ಗಾಜಿನ ಬಾಗಿಲಾಚೆ ಆಂಬುಲೆನ್ಸ್ ನಿಲ್ಲುವ ಜಾಗ ಕಾಣುತ್ತಿತ್ತು. ಅತ್ತೆ ಅದು ಕಾಣುವ ಹಾಗೆ ಕುರ್ಚಿ ಎಳೆದುಕೊಂಡರು. ನಾನು ಅವರ ಬಲಕ್ಕೆ ಒಂದು ಮೋಟು ಸ್ಟೂಲಿನ ಮೇಲೆ ಕೂತು, ವಾದ್ಯದ ತಳ ಎತ್ತಿಹಿಡಿದೆ. ನಾನೀಗ ಮನುಷ್ಯಳಲ್ಲ, ಒಂದು ಗುಂಡಿ.

"ನಡುಗಬೇಡ," ಎಂದು ಪಿಸುಗುಟ್ಟಿದರು ಅತ್ತೆ.

"ನಾನಲ್ಲ ಅತ್ತೆ, ನೀವು."

"ಹೌದಾ?" ಎಂದರು. ನಕ್ಕು, ಮೀಟಿದರು.

ನಾನು ಜೀವನವಿಡೀ ಕಿವಿಯಿಂದ ಕೇಳಿದವಳು. ಅಂದು ಹೆಬ್ಬೆರಳಿಂದ ಕೇಳಿದೆ! ಸ್ವರ ಮರದಿಂದ ಉಗುರಿಗೆ, ಉಗುರಿನಿಂದ ಮೂಳೆಗೆ, ಮೊಳಕೈ ದಾಟಿ ಎದೆಗೆ ಬಂತು. ನನ್ನೊಳಗೇ ಯಾರೋ ದುಂಡು ಕಿಟಕಿ ತೆರೆದ ಹಾಗಾಯಿತು. ಬಾಗಿಲ ಹಿಂದೆ ಎಡವುತ್ತಿದ್ದ ಹಾಡು ಎಲ್ಲಿ ಎಡವುತ್ತದೆಂದು ನನಗೆ ಗೊತ್ತು. ಆ ಜಾಗ ಬಂತು, ಉಸಿರು ಹಿಡಿದೆ, ಅತ್ತೆಯ ಕಿರುಬೆರಳು ಮೆಲ್ಲಗೆ ದಾಟಿಕೊಂಡಿತು. ಗಾಜಿನಾಚೆ ಸಂಜೆಯ ಬೆಳಕಿನಲ್ಲಿ ಒಂದು ಗಾಡಿ ಬಾಗಿಲು ತೆರೆದುಕೊಂಡು ನಿಂತಿತ್ತು, ಕರೆಗೆ ಕಾಯುತ್ತ. ಅತ್ತೆ ಅದನ್ನೇ ನೋಡುತ್ತ ನುಡಿಸಿದರು. ಈ ಸಲ ಯಾರೂ ಕಿಟಕಿಯಿಂದ ನಿಲ್ಲಿಸಿ ಎನ್ನಲಿಲ್ಲ.

ಅಷ್ಟರಲ್ಲಿ ಬೆರಳ ಕೆಳಗೆ ಏನೋ ತಣ್ಣಗಾಯಿತು. ಎಣ್ಣೆಯೋ, ಬೆವರೋ, ದೇವರೋ, ಅಂಟು ಬಿಟ್ಟಿತು! ದಿನವಿಡೀ ಬೇಡಿಕೊಂಡ ಬಿಡುಗಡೆ, ಹಾಡಿನ ನಟ್ಟನಡುವೆ! ಈಗ ಕೈ ತೆಗೆದರೆ ವಾದ್ಯ ಅತ್ತೆಯ ಸೋತ ತೋಳಿನ ಮೇಲೆ ಬೀಳುತ್ತದೆ. ಅಂಟು ಬಿಟ್ಟಿತು, ನಾನು ಬಿಡಲಿಲ್ಲ. ಹಾಡು ಮುಗಿಯಿತು. "ಇನ್ನೊಮ್ಮೆ!" ಎಂದರು ಜನ. ಅತ್ತೆಗೆ ಬರುವುದೇ ಒಂದು, ಅದನ್ನೇ ಇನ್ನೊಮ್ಮೆ ನುಡಿಸಿದರು. ನಾನು ಇನ್ನೊಮ್ಮೆ ಅಂಟಿಕೊಂಡು ಕೂತೆ.

ಕೊನೆಗೆ ಒಬ್ಬ ಹಳೆಯ ನರ್ಸು ಬಂದು ನನ್ನ ಭುಜ ಸವರಿದರು. "ಎಂಥ ಸೊಸೆ! ಅತ್ತೆ ಪಕ್ಕ ಬಿಟ್ಟು ಕದಲಲಿಲ್ಲ."

"ಕದಲೋ ಹಾಗಿರಲಿಲ್ಲ," ಎಂದರು ಅತ್ತೆ. ನಾನು ತಲೆ ತಗ್ಗಿಸಿದೆ. ಆಗಲೇ ಯಜಮಾನರ ಹೊಲಿಗೆ ಪರ್ ಎಂದು ಬಿಟ್ಟುಕೊಂಡಿತು.

ಮನೆಗೆ ಬಂದು ನೋಡಿದರೆ ಬೆಂಕಿಕಡ್ಡಿಗಳು ಕಲ್ಲಿನಂತಾಗಿದ್ದವು. ಅತ್ತೆ ಸ್ಕ್ರೂಡ್ರೈವರ್ ಕೇಳಿ ತೆಗೆದುಕೊಂಡು, ಬಲಗೈಯಲ್ಲಿ ನಾಲ್ಕು ಸಲ ತಿರುಗಿಸಿದರು. ಗುಂಡಿ ಕಚ್ಚಿಕೊಂಡಿತು. ಅಷ್ಟೇ! ನಾನು ಒಂದು ಮಣಿಯನ್ನೂ ಎಣಿಸಿ ಮುಗಿಸಿರಲಿಲ್ಲ. ಆದರೆ ಗುಂಡಿಯ ಪಕ್ಕದಲ್ಲಿ, ಒಣಗಿದ ಅಂಟಿನಲ್ಲಿ, ನನ್ನ ಹೆಬ್ಬೆರಳ ಗೆರೆಗಳು ಅಚ್ಚೊತ್ತಿದ ಹಾಗೆ ಉಳಿದಿದ್ದವು. ಬೇರೆ ಗುರುತು ಬೀಳಬಾರದು ಎಂದಿದ್ದರಲ್ಲ!

"ಗಾಜು ಉಜ್ಜೋ ಪುಡಿ ಇದೆ ಅಮ್ಮ, ನಯವಾಗಿ ತೆಗೀತೀನಿ," ಎಂದರು ಯಜಮಾನರು.

ಅತ್ತೆ ಮಾವನ ಮೊಳಕೈ ಗುರುತನ್ನು ಸವರಿದರು. ನನ್ನದನ್ನೂ ಸವರಿದರು. "ಇರಲಿ ಬಿಡು," ಎಂದರು. ನನ್ನ ಕಣ್ಣು ತುಂಬಿಬಂತು. ಅಷ್ಟರಲ್ಲಿ ಸೇರಿಸಿದರು, "ಮುಂದೆ ಇವಳು ಏನಾದ್ರೂ ರಿಪೇರಿ ಮಾಡ್ತೀನಿ ಅಂದ್ರೆ ತೋರಿಸೋಕೆ ಬೇಕಾಗುತ್ತೆ."

ಮರುದಿನ ಬೆಳಿಗ್ಗೆ ಎಂದಿನಂತೆ ದೀಪ ಹಚ್ಚಿ, ಒಂದು ಸುತ್ತು ಮುಗಿಸಿ, ಒಲೆಯ ಮೇಲೆ ಹಾಲಿಟ್ಟು ಇನ್ನೊಂದು ಸುತ್ತಿಗೆ ಕೂತೆ. ಎಡ ಹೆಬ್ಬೆರಳಿನ ಚರ್ಮ ಇನ್ನೂ ಒರಟಾಗಿತ್ತು, ಮನಸ್ಸು ಅತ್ತಲೇ ಹೋಗಿ ಬಲಗೈಯ ಮಣಿಗಳು ತಡವರಿಸುತ್ತಿದ್ದವು. ಅತ್ತೆ ಪಕ್ಕದಲ್ಲಿ ಬಂದು ನಿಂತು, ಬಗ್ಗಿ ನೋಡಿದರು.

"ಜಪಮಾಲೆ ಗಂಟು ಸಡಿಲವಾಗಿದೆಯಲ್ಲೇ. ಆ ಟ್ಯೂಬಲ್ಲಿ ಇನ್ನೂ ಒಂದು ತೊಟ್ಟು ಉಳಿದಿದೆ. ಕೊಡು, ಹಾಕಿಕೊಡ್ತೀನಿ."

"ಬೆರಳಿಗೆ ಅಂಟಿದ್ರೆ ಅತ್ತೆ?"

"ಅಂಟಲಿ. ದೇವರನ್ನ ಒಂದು ಗಳಿಗೇನೂ ಬಿಟ್ಟಿರಬಾರದು ಅಂತ ನೀನೇ ಹೇಳ್ತಿರ್ತೀಯಲ್ಲ?"

ನಾನು ಜಪಮಾಲೆಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ.

"ಬೇಡ ಅತ್ತೆ. ಒಲೆ ಮೇಲೆ ಹಾಲಿದೆ."